ಚಿ.ಕುಂ.ಸೌ. ಆದಮೇಲೆ ಒಂದು ಸ್ಪೇಸ್

ದೇವಪ್ಪನ ಸೊಸೆಯ ಹೆಸರು ಪದ್ಮಶ್ರೀ ಅಲ್ಲ. ಆದರೆ ಮದುವೆ ಕಾರ್ಡಿನ ಪ್ರೂಫಿನಲ್ಲಿ ಹಾಗೇ ಬಂದಿತ್ತು.

"ಲೇ ಹೇಮಂತ, ಚಿಕ್ಕನರಗುಂದದ ದೇವಪ್ಪ ಕುಡಗೋಲ ಹಿಡಕೊಂಡು ಬಂದ್ರ ನೀನ ಮುಂದ ನಿಲ್ಲಬೇಕ್ ನೋಡು!" ಡಿಟಿಪಿ ಅಂಗಡಿಯ ಮಾಲಕ ಅಲ್ತಾಫ ಹಾಳೆ ಮುದ್ದೆ ಮಾಡಿ ಎಸೆದ. "ಆ ಆಟೋಕರೆಕ್ಟ್ ಇವತ್ತ ತಗೀ."

ಪದೇ ಪದೇ ಬರುವ ಮಾತಿನ ಮೊದಲೆರಡು ಅಕ್ಷರ ಹೊಡೆದು ಸ್ಪೇಸ್ ಒತ್ತಿದರೆ ಉಳಿದದ್ದನ್ನು ಕಂಪ್ಯೂಟರೇ ತುಂಬುತ್ತದೆ. ಆಪರೇಟರ್ ಹೇಮಂತ ಅದಕ್ಕೆ ಎರಡು ಹೆಸರು ಕಲಿಸಿಟ್ಟಿದ್ದ. ಮದುಮಗಳ ಚಿ.ಕುಂ.ಸೌ. ಹೊಡೆದರೆ ಪದ್ಮಶ್ರೀ, ಮದುಮಗನ ಚಿ.ರಾ. ಹೊಡೆದರೆ ಹೇಮಂತ. ನರಗುಂದದಲ್ಲಿ ಯಾರದೇ ಲಗ್ನವಿರಲಿ, ಮೊದಲು ಇವರದು ಆಗುತ್ತಿತ್ತು. ಒಂದು ಗಳಿಗೆ ನೋಡಿ, ಅಳಿಸಿ, ಖರೇ ಹೆಸರು ಹೊಡೆಯುತ್ತಿದ್ದ. ದೇವಪ್ಪನ ಕಾರ್ಡಿನಲ್ಲಿ ಅಳಿಸುವುದು ಮರೆತಿತ್ತು. ಪದ್ಮಶ್ರೀ ಹೋದ ವರ್ಷ ಟೈಪಿಂಗ್ ಕಲಿಯಲು ಬರುತ್ತಿದ್ದಳು. ಅವನೊಡನೆ ಆಡಿದ್ದು ಒಂದೇ ಮಾತು: "ಸರ್, ಶಿಫ್ಟ್ ಎಲ್ಲೆ ಅದರಿ?"

ಅವನು ಮೆನು ತೆರೆಯುವಷ್ಟರಲ್ಲಿ ಬಾಗಿಲಲ್ಲಿ ಅವಳ ಅಪ್ಪ ರಾಘವೇಂದ್ರರಾಯರು, ಹಿಂದೆ ಸೋದರತ್ತೆ ವೆಂಕೂಬಾಯಿ.

"ಏನ್ರಿ ಆಪರೇಟರ್, ಮಗಳ ಲಗ್ನದ ಕಾರ್ಡ್ ಮಾಡೋದದ. ಬಾಯಿಲೆ ಹೇಳ್ತೀನಿ, ಹೊಡೀರಿ."

ಹೇಮಂತನ ಎದೆ ಕರೆಂಟು ಹೋದ ಫ್ಯಾನಿನಂತೆ ನಿಧಾನಕ್ಕೆ ನಿಂತಿತು. ವೆಂಕೂಬಾಯಿ ಸ್ಟೂಲು ಎಳೆದುಕೊಂಡು ಪರದೆಗೆ ಮೂಗು ಹಚ್ಚಿ ಕೂತಳು. ಇನ್ನು ಮೆನು ತೆರೆಯುವಂತಿಲ್ಲ. ಸ್ಪೇಸ್ ಒತ್ತದಿದ್ದರಾಯಿತು ಎಂದುಕೊಂಡ. ರೂಢಿ ಬಿದ್ದ ಹೆಬ್ಬೆರಳು ಕೇಳಲಿಲ್ಲ.

"ನಮ್ಮ ಮಗಳು ಚಿ.ಕುಂ.ಸೌ..." ಎಂದು ರಾಯರು ಉಸಿರೆಳೆಯುವುದರೊಳಗೆ ಪರದೆಯ ಮೇಲೆ ಪದ್ಮಶ್ರೀ ಬಂದಾಗಿತ್ತು.

"ಅಯ್ಯ ರಾಘ್ಯಾ! ಹೇಳೋಕಿಂತ ಮೊದಲ ಬರೀತಲ್ಲೋ!"

"ಈಗಿನ ಮಷೀನ ಭಾಳ ಶಾಣ್ಯಾ ಇರ್ತಾವ್ರಿ," ಅಲ್ತಾಫ ಬೆವರೊರೆಸಿಕೊಂಡ.

"ಹಂಗಾರ ವರನ ಹೆಸರೂ ಅದ ಹೇಳ್ಲಿ. ಚಿ.ರಾ. ಹೊಡಿಯಪಾ!"

"ಬ್ಯಾಡ್ರಿ ಮಾಮಿ..." ಎಂದ ಹೇಮಂತ.

"ಹೊಡಿ ಅಂದ್ರ!"

ಹೊಡೆದ. ಹೇಮಂತ ಎಂದು ಬಂತು. ಅವನು ಕಣ್ಣು ಮುಚ್ಚಿಕೊಂಡ. ಏಟು ಬಿದ್ದರೂ ಬೀಳಲಿ, ಅವಳ ಅಪ್ಪನ ಮುಂದೆ ಆ ಎರಡು ಹೆಸರು ಒಮ್ಮೆಯಾದರೂ ಜೋಡಿಯಾಗಿ ನಿಂತಿದ್ದವಲ್ಲ.

ಬಿದ್ದದ್ದು ಚಪ್ಪಾಳೆ. "ಖರೇನ ಹೇಳ್ತಲ್ಲೋ!" ಎಂದಳು ವೆಂಕೂಬಾಯಿ. "ಹೇಮಂತ! ನಮ್ಮ ಅಳಿಯಾನ ಹೆಸರು ಈ ಡಬ್ಬಿಗೆ ಯಾರು ಹೇಳಿದ್ರವ್ವಾ?"

ರಾಯರು ಬಗ್ಗಿ ನೋಡಿದರು. "ಒಂದಕ್ಷರಾನೂ ತಪ್ಪಿಲ್ಲ. ಹುಡುಗ ಕೊಣ್ಣೂರಾಂವ್ರಿ, ಬರಕೋರಿ."

ಅಲ್ತಾಫ ಗೋಡೆಯ ಕಡೆ ತಿರುಗಿ ನಿಂತ. ಆ ದಿನ ಹೇಮಂತನಿಗೆ ಅಳಿಸಲು ಏನೂ ಇರಲಿಲ್ಲ. ಊರಿನ ಹೆಸರನ್ನು ಮಾತ್ರ ಮಷೀನಿಗೆ ಕಲಿಸಿರಲಿಲ್ಲ. ಕೊಣ್ಣೂರು ಎಂದು ತಾನೇ, ಒಂದೊಂದೇ ಅಕ್ಷರ ಹೊಡೆದ.