ಹಂದಿಗೊಂದು ಕೋವಿ, ಊರಿಗೆಲ್ಲ ಅನುಮಾನ

ಇದೆಲ್ಲ ಆದದ್ದು ಹೋದ ವರ್ಷ, ಯುಗಾದಿಗೂ ದೀಪಾವಳಿಗೂ ನಡುವೆ. ಕೋವಿ ಲೈಸೆನ್ಸಿಗೆ ಅರ್ಜಿ ಹಾಕಿದವನಿಗೆ ಇಂಥವು ಆಗುತ್ತಲೇ ಇರುತ್ತವಂತೆ. ನನಗೆ ಯಾರೂ ಮೊದಲೇ ಹೇಳಿರಲಿಲ್ಲ.

ನಮ್ಮೂರು ಚಾಮರಾಜನಗರದಿಂದ ಪುಣಜನೂರಿಗೆ ಹೋಗುವ ದಾರಿಯಲ್ಲಿದೆ. ನಾನು ಓದಿದ್ದು ಭೌತಶಾಸ್ತ್ರ. ಪಟ್ಟಣದ ಕಾಲೇಜೊಂದರ ಪ್ರಯೋಗಾಲಯದಲ್ಲಿ ಕೆಲಸ. ಊರಲ್ಲಿ ಮೂರು ಎಕರೆ ಮುಸುಕಿನ ಜೋಳ. ಅದರ ಹಿಂದಿನ ವರ್ಷ ಅರ್ಧಕ್ಕಿಂತ ಹೆಚ್ಚು ಕಾಡುಹಂದಿಗಳ ಪಾಲಾಗಿತ್ತು. ಅಪ್ಪ ಒಂದೇ ಮಾತು ಹೇಳಿದರು. “ದೀಪಾವಳಿಯೊಳಗೆ ಹಂದಿಗೆ ಏನಾರ ದಾರಿ ಮಾಡು. ಇಲ್ಲಾಂದ್ರ ಜಮೀನ ಶುಂಠಿಯವ್ರಿಗೆ ಗುತ್ತಿಗೆ ಕೊಟ್ಬುಡ್ತೀನಿ.”

ಶುಂಠಿಯವರು ಅಂದರೆ ಕೇರಳದಿಂದ ಬಂದು ಗುಂಡ್ಲುಪೇಟೆ ಕಡೆ ಜಮೀನು ಹಿಡಿಯುವವರು. ಅವರಲ್ಲೊಬ್ಬರು ಆಗಲೇ ಎರಡು ಸಲ ಬಂದು ನಮ್ಮ ಮಣ್ಣು ಮೂಸಿ ನೋಡಿಕೊಂಡು ಹೋಗಿದ್ದರು.

ನಾನು ಬೆಳೆ ರಕ್ಷಣೆಯ ಕೋವಿಗೆ ಅರ್ಜಿ ತಂದೆ.

೧. ಕೋಷ್ಟಕ

ಅರ್ಜಿಯಲ್ಲಿ ‘ಯಾವ ಬಗೆಯ ಕೋವಿ, ಯಾವ ಬೋರ್’ ಎಂದು ಒಂದು ಸಾಲು ಇದೆ. ಬೋರ್ ಅಂದರೆ ನಳಿಗೆಯ ಒಳ ಅಳತೆ. ಎಲ್ಲರೂ ಅಕ್ಕಪಕ್ಕದವರನ್ನು ಕೇಳಿ ಏನೋ ಒಂದು ಬರೆಯುತ್ತಾರೆ. ನನಗೆ ಹಾಗೆ ಬರೆಯಲು ಮನಸ್ಸಾಗಲಿಲ್ಲ. ರೈಫಲ್ ಆದರೆ ಒಂದೇ ಗುಂಡು, ಬಹಳ ದೂರ ಹೋಗುತ್ತದೆ. ಹನ್ನೆರಡು ಬೋರ್ ಕೋವಿಯಾದರೆ ಒಂದು ಹಿಡಿ ಛರೆ, ಅಂದರೆ ಸೀಸದ ಸಣ್ಣ ಗುಂಡುಗಳು, ಹತ್ತಿರಕ್ಕೆ ಮಾತ್ರ. ಮೂರು ಬಗೆ ಆರಿಸಿ ಕೋಷ್ಟಕ ಮಾಡಿದೆ: ಪಾಯಿಂಟ್ ಟೂ ಟೂ ರೈಫಲ್, ತ್ರೀ ಫಿಫ್ಟೀನ್ ರೈಫಲ್, ಹನ್ನೆರಡು ಬೋರ್ ಒಂಟಿ ನಳಿಗೆ. ತೂಕ, ಸದ್ದು, ದೂರ, ಶಕ್ತಿ, ಎಲ್ಲಕ್ಕೂ ಒಂದೊಂದು ಕಾಲಂ. ಅದನ್ನು ಅರ್ಜಿಯ ಜೊತೆ ಲಗತ್ತಿಸಿದೆ.

ಕಚೇರಿಯ ಗುಮಾಸ್ತರು ಕನ್ನಡಕ ಏರಿಸಿ ಓದಿದರು.

“ಬೆಳೆ ರಕ್ಷಣೆ ಅಂದ್ರೆ ಸದ್ದು ಮಾಡಿ ಓಡಿಸೋದು. ಬೇಟೆ ಅಪರಾಧ, ಗೊತ್ತಲ್ಲ?”

“ಗೊತ್ತು ಸಾರ್.”

“ಮತ್ತೆ ಇದೇನು, ‘ಒಳಹೊಗುವ ಆಳ, ಸೆಂಟಿಮೀಟರ್‌ಗಳಲ್ಲಿ’? ಯಾರ ಒಳಗೆ?”

“ಹಂದಿ ಒಳಗೆ ಸಾರ್.”

“ಹಂದಿ ಅಂತ ಇಲ್ವಲ್ಲ.”

ಪೆನ್ನು ತೆಗೆದು ಆ ಕಾಲಂನ ಮೇಲೆ ‘ಹಂದಿ ಮಾತ್ರ’ ಎಂದು ಬರೆದೆ. ಅವರು ಇನ್ನೊಮ್ಮೆ ಓದಿ, ಹಾಳೆಯನ್ನು ನನ್ನ ಕಡೆಗೇ ತಳ್ಳಿದರು.

“ಮೊದಲು ಸ್ವಲ್ಪ ಅನುಮಾನ ಇತ್ತು. ಈ ‘ಮಾತ್ರ’ ನೋಡಿದ ಮೇಲೆ ಜಾಸ್ತಿಯಾಯ್ತು.”

ಕೋವಿಯ ಹೆಸರು ತುಂಬಿ, ಕೋಷ್ಟಕ ಬಿಟ್ಟು, ಅರ್ಜಿ ಮಾತ್ರ ತರಲು ಹೇಳಿದರು.

೨. ಅಳತೆ

ಕೋವಿ ಯಾವುದೆಂದು ತೀರ್ಮಾನಿಸಲು ಸುತ್ತ ಯಾವ ಮನೆ ಎಷ್ಟು ದೂರವಿದೆ ಎಂದು ತಿಳಿಯಬೇಕಿತ್ತು. ಗುರಿ ತಪ್ಪಿದ ಗುಂಡು ಎಲ್ಲಿಗೋ ಹೋಗಲೇಬೇಕು. ಒಂದು ಭಾನುವಾರ ಟೇಪು ಹಿಡಿದು ಹೊರಟೆ.

ನಮ್ಮ ಜಮೀನಿನ ಪಕ್ಕ ಚಿಕ್ಕಪ್ಪನ ಜಮೀನು, ಅದರಾಚೆ ಅವರ ಮನೆ. ಅಪ್ಪನ ದಾಯಾದಿ. ನಡುವಿನ ಬದು ವರ್ಷಕ್ಕೆ ಇಷ್ಟಿಷ್ಟೇ ನಮ್ಮ ಕಡೆ ನಡೆದು ಬರುತ್ತಿತ್ತು. ಹನ್ನೊಂದು ವರ್ಷದಿಂದ ಎರಡು ಮನೆಗೂ ಮಾತು ಕಡಿಮೆ. ಅವರು ಜಗಲಿಯಲ್ಲಿ ಕೂತು ಟೀ ಕುಡಿಯುತ್ತಿದ್ದರು. ಟೇಪಿನ ತುದಿ ಅವರ ಕಾಲ ಹತ್ತಿರ ಬಂತು.

“ಏನ್ಲಾ ಇದು?”

“ನಮ್ಮ ಪಂಪ್‌ಮನೆಯಿಂದ ನಿಮ್ಮ ಜಗಲಿಗೆ ಇನ್ನೂರ ಹದಿನಾರು ಮೀಟರ್.”

“ಅದ್ಯಾಕೆ ಬೇಕಾಗಿತ್ತು?”

“ಕೋವಿಗೆ. ರೈಫಲ್ ಆದರೆ ಇಲ್ಲಿಗೆ ತಲುಪಿ ಗೋಡೆಯನ್ನೂ ದಾಟುತ್ತೆ. ಹನ್ನೆರಡು ಬೋರ್ ಆದರೆ ಇಲ್ಲಿಗೆ ಬರುವಷ್ಟರಲ್ಲಿ ಶಕ್ತಿ ಇರಲ್ಲ.”

ಚಿಕ್ಕಪ್ಪ ಲೋಟ ಕೆಳಗಿಟ್ಟರು. “ಯಾವ್ದು ತಕ್ಕತೀಯ?”

“ಇನ್ನೂ ತೀರ್ಮಾನ ಮಾಡಿಲ್ಲ. ನೀವು ಸಂಜೆ ಎಷ್ಟರಿಂದ ಎಷ್ಟರವರೆಗೆ ಇಲ್ಲಿ ಕೂರ್ತೀರಿ?”

ಅವರು ಎದ್ದು ಒಳಗೆ ಹೋದರು. ಅವರ ಸುರಕ್ಷತೆಗೇ ಕೇಳಿದ್ದು. ಟೇಪು ಸುತ್ತಿಕೊಂಡು ಬಂದೆ.

ಮರುದಿನ ಬೆಳಗ್ಗೆ ಅಪ್ಪ ಜಮೀನಿಗೆ ಹೋದವರು ಬೇಗನೆ ವಾಪಸು ಬಂದರು. ಬದು ಎರಡಡಿ ಚಿಕ್ಕಪ್ಪನ ಕಡೆಗೆ ಹಿಂದಕ್ಕೆ ಸರಿದಿತ್ತು.

“ಸರ್ವೆಯವ್ರು ಮೂರು ಸಲ ಬಂದು ಅಳುದ್ರು, ಆಗ್ನಿಲ್ಲ,” ಎಂದರು ಅಪ್ಪ. “ನಾಳೆ ಪಡುವಣ ಬದದ ಕಡೀಕೂ ಒಂದ್ಸಲ ಟೇಪ್ ಇಡ್ಕಂಡು ಓಗ್ಬುಟ್ಟು ಬಾ.”

೩. ಬೇಗೂರಿನ ಅಜ್ಜ

ಕಾಗದದ ಲೆಕ್ಕ ಸಾಲದು, ಅನುಭವಸ್ಥರನ್ನು ಕೇಳಬೇಕೆನಿಸಿತು. ಬೇಗೂರಿನಲ್ಲಿ ಒಬ್ಬ ಅಜ್ಜ ಇದ್ದಾರೆ, ಬಹಳ ಹಿಂದೆ ಅವರ ಕೈಲಿ ಕೋವಿ ಇತ್ತು ಎಂದು ಯಾರೋ ಹೇಳಿದರು. ಗುಂಡ್ಲುಪೇಟೆ ಬಸ್ಸು ಹಿಡಿದು, ಅಲ್ಲಿ ಇನ್ನೊಂದು ಬಸ್ಸು ಹತ್ತಿ ಹೋದೆ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ನೋಟ್‌ಬುಕ್, ಜೇಬಲ್ಲಿ ಎರಡು ಪೆನ್ನು. ಅದೇ ತಪ್ಪಾಯಿತು.

ಅಜ್ಜ ನನ್ನನ್ನು ಕಾಲಿನಿಂದ ತಲೆವರೆಗೆ ನೋಡಿದರು.

“ತಾತ, ಹಂದಿಗೆ ಯಾವ ಕೋವಿ ಸರಿ?”

“ಹಂದಿ ಅಂದ್ರೆ?”

“ಕಾಡುಹಂದಿ.”

“ನಾನು ನೋಡ್ನಿಲ್ಲ ಕಣಪ್ಪ.”

“ಬೇಗೂರಲ್ಲಿ ಹುಟ್ಟಿ ಬೆಳೆದು ಕಾಡುಹಂದಿ ನೋಡಿಲ್ವಾ?”

“ಕಣ್ಣು ಮಂಜು.”

“ಚಿಕ್ಕ ವಯಸ್ಸಲ್ಲಿ?”

“ಆಗ್ಲೂ ಮಂಜು.”

“ಕೋವಿ ಇತ್ತಂತಲ್ಲ?”

“ಕೋವಿ ಅಂದ್ರೆ?”

ನೋಟ್‌ಬುಕ್ ಮುಚ್ಚಿದೆ. ನಮ್ಮ ಜೋಳದ ಕತೆ ಹೇಳಿದೆ, ಶುಂಠಿಯವರ ಕತೆ ಹೇಳಿದೆ. ಅರಣ್ಯ ಇಲಾಖೆಯವನಲ್ಲ ಎಂದು ಎರಡು ಸಲ ಹೇಳಿದೆ. ಇಲಾಖೆಯವನಾಗಿದ್ದರೆ ಅದನ್ನೇ ಹೇಳುತ್ತಿದ್ದೆ ಎಂಬಂತೆ ತಲೆಯಾಡಿಸಿದರು. ಎದ್ದು ಹೊರಟೆ. ಬಾಗಿಲು ದಾಟುವಾಗ ಬೆನ್ನ ಹಿಂದೆ ಮೆಲ್ಲನೆ ದನಿ ಬಂತು.

“ಹನ್ನೆರಡು ಬೋರ್ ತಕ್ಕೊ. ಒಂಟಿ ನಳಿಗೆ. ರೈಫಲ್ ಬೇಡ, ಜೋಳದೊಳಗೆ ಗುರಿ ಕಾಣಲ್ಲ, ಆಚೆ ಯಾರವ್ರೆ ಅಂತ ಗೊತ್ತಾಗಲ್ಲ. ಕೋವಿ ಭುಜಕ್ಕೆ ಒತ್ತಿ ಹಿಡ್ಕೊ, ಇಲ್ದಿದ್ರ ಒದೀತದೆ.”

ತಿರುಗಿ ನೋಡಿದೆ. ಅಜ್ಜ ಆಕಾಶ ನೋಡುತ್ತಿದ್ದರು.

“ನಂಗೆ ಯಾರೋ ಹೇಳಿದ್ದು,” ಎಂದರು. “ಅವ್ರೂ ಈಗ ಇಲ್ಲ.”

ಅರ್ಜಿಯಲ್ಲಿ ಹನ್ನೆರಡು ಬೋರ್ ಎಂದೇ ಬರೆದು ಕೊಟ್ಟೆ.

೪. ಒಂದು ಕಿಲೋ

ಅರ್ಜಿ ಕೊಟ್ಟ ತಿಂಗಳಲ್ಲಿ ಗುರುತಿಲ್ಲದ ಒಬ್ಬರು ಬೈಕಿನಲ್ಲಿ ಬಂದರು. ಹರದನಹಳ್ಳಿ ಕಡೆಯವರೆಂದರು, ಹೆಸರು ಹೇಳಲಿಲ್ಲ. ಜೋಳ ನೋಡಿದರು, ಪಂಪ್‌ಮನೆ ನೋಡಿದರು, ಆಮೇಲೆ ಹತ್ತಿರ ಬಂದು ಕೇಳಿದರು.

“ಕೋವಿ ಬತ್ತದಂತೆ. ಬಂದ್ಮೇಲೆ ಒಂದು ಕಿಲೋ ಸಿಕ್ತದಾ?”

ಇವರು ಅರಣ್ಯ ಇಲಾಖೆಯ ಕಡೆಯವರು, ನನ್ನನ್ನು ಪರೀಕ್ಷಿಸಲು ಬಂದಿದ್ದಾರೆ ಎಂದು ಅನುಮಾನವಾಯಿತು. ಅಳೆದು ಮಾತಾಡಿದೆ.

“ಕೋವಿ ಹೆದರಿಸಲಿಕ್ಕೆ ಮಾತ್ರ.”

“ಹೆದ್ರುಕೊಂಡು ಸತ್ರೆ?”

“ಇಲಾಖೆಗೆ ಲಿಖಿತವಾಗಿ ತಿಳಿಸುತ್ತೇನೆ.”

“ಅಲ್ಲ, ನಿಮ್ಮ ಮನೇಲಿ ತಿನ್ನದು ಉಂಟಾ, ಇಲ್ವಾ?”

ನಮ್ಮದು ಲಿಂಗ ಕಟ್ಟುವ ಮನೆ. ಮೊಟ್ಟೆ ಕೂಡ ಒಳಗೆ ಬರುವುದಿಲ್ಲ. ಆದರೆ ಹೇಳಿದ್ದನ್ನೆಲ್ಲ ಇವರು ಬರೆದುಕೊಳ್ಳಬಹುದು ಎಂಬ ಭಯಕ್ಕೆ, “ಆ ಬಗ್ಗೆ ಈಗ ಹೇಳಿಕೆ ಕೊಡುವುದಿಲ್ಲ,” ಎಂದೆ.

ಅವರು ಬೈಕು ಹತ್ತಿದರು.

ಎರಡು ದಿನದ ಮೇಲೆ, ನನಗೆ ಹೆಣ್ಣು ನೋಡುತ್ತಿದ್ದ ದೊಡ್ಡಪ್ಪ ಫೋನ್ ಮಾಡಿದರು. ಬಂದವರು ಹುಡುಗಿಯ ಸೋದರಮಾವನಂತೆ. ಕೋವಿಯ ಸುದ್ದಿ ಕೇಳಿ ವಿಚಾರಿಸಲು ಬಂದಿದ್ದರಂತೆ. “ಹುಡ್ಗ ಒಳ್ಳೆಯವ್ನೇ ಅಂದ್ರು ಕಣಪ್ಪ,” ಎಂದರು ದೊಡ್ಡಪ್ಪ. “ಆದ್ರ ತಿನ್ನಲ್ಲ ಅನ್ನಕೆ ವಕೀಲ್ರನ್ನ ಕೇಳ್ಬೇಕಾ ಅಂತ ಒಂದು ಮಾತು ಅಂದ್ರು.”

೫. ಒಳ್ಳೆಯ ಹುಡುಗ

ಕೊನೆಗೆ ಪೊಲೀಸ್ ವಿಚಾರಣೆ. ದೀಪಾವಳಿಗೆ ಇನ್ನೂ ಒಂದೂವರೆ ತಿಂಗಳು. ಶುಂಠಿಯವರು ಮೂರನೇ ಸಲ ಬಂದು, ಈ ಸಲ ಗುತ್ತಿಗೆಯ ಕಾಗದ ಸಮೇತ ಬಂದು, ಅಪ್ಪನ ಜೊತೆ ಕಾಫಿ ಕುಡಿದು ಹೋಗಿದ್ದರು.

ಬಂದವರು ವಯಸ್ಸಾದ ಹೆಡ್ ಕಾನ್‌ಸ್ಟೇಬಲ್. ಎಂಟು ಮನೆಯಲ್ಲಿ ನನ್ನ ಬಗ್ಗೆ ಕೇಳಿದರು. ಎಂಟರಲ್ಲೂ ಬಂಗಾರದಂಥ ಹುಡುಗ ಎಂದರು. ಚಿಕ್ಕಪ್ಪನಂತೂ ಎದ್ದು ನಿಂತು, ದೇವರಂಥವನು ಎಂದರು. ಹೆಡ್ ಕಾನ್‌ಸ್ಟೇಬಲ್ ನಮ್ಮ ಜಗಲಿಗೆ ಬಂದು ಟೋಪಿ ತೆಗೆದರು.

“ಆ ಕೊನೇ ಮನೆಯವ್ರು ನಿಮ್ಮ ದಾಯಾದಿ ತಾನೆ?”

“ಹೌದು ಸಾರ್.”

“ದಾಯಾದಿನ ದೇವರು ಅಂತಾನೆ ಒಬ್ಬ ಮನುಷ್ಯ. ಮೂವತ್ತು ವರ್ಷ ಸರ್ವಿಸಾಯ್ತು ನಂಗೆ. ಊರಿಗೂರೇ ಒಬ್ಬನ್ನ ಒಳ್ಳೆಯವ್ನು ಅಂದಿದ್ದು ಅವ್ನು ಸತ್ತಾಗ ಮಾತ್ರ ಕೇಳಿವ್ನಿ. ನೀನು ಬದುಕಿದ್ದೀಯ. ಅಂದ್ಮೇಲೆ ಎಲ್ರನ್ನೂ ಹೆದ್ರಿಸಿದ್ದೀಯ.”

“ಇಲ್ಲ ಸಾರ್.”

“ನಾಳೆ ಬೆಳಗ್ಗೆ ಬತ್ತೀನಿ. ಒಂದಾದ್ರೂ ದೂರು ಕೇಳಿಸ್ಬೇಕು. ಇಲ್ದಿದ್ರೆ ಊರು ಭಯದಲ್ಲಿದೆ ಅಂತ ಬರ್ದು ಅರ್ಜಿ ವಾಪಸ್ ಕಳಿಸ್ತೀನಿ.”

ಆ ಸಂಜೆ ಮನೆಮನೆಗೆ ಹೋಗಿ ನನ್ನ ಮೇಲೆ ದೂರು ಹೇಳಿ ಎಂದು ಬೇಡಿಕೊಂಡೆ. ಅಂಗಡಿಯವರು ಎರಡು ಹೆಜ್ಜೆ ಹಿಂದೆ ಸರಿದರು.

“ದೂರಾ? ಬುಡಿ ಬುದ್ಧಿ.”

“ಏನಾದರೂ ಚಿಕ್ಕದು.”

“ಹೇಳಿದ್ಮೇಲೆ?”

“ಏನೂ ಮಾಡಲ್ಲ.”

“ಎಲ್ರೂ ಮೊದ್ಲು ಹಂಗೇ ಅನ್ನದು.”

ಚಿಕ್ಕಪ್ಪ ಬಾಗಿಲು ಅರ್ಧ ಮಾತ್ರ ತೆರೆದರು. “ಬದ ಬುಟ್ಕೊಟ್ಟಿವ್ನಿ. ಇನ್ನೇನ್ಲಾ ಬೇಕು ನಿಂಗೆ?”

ಬೆಳಗ್ಗೆ ಹೆಡ್ ಕಾನ್‌ಸ್ಟೇಬಲ್ ಬಂದರು. ಅಕ್ಕಪಕ್ಕದವರು ದೂರದಲ್ಲಿ ನಿಂತರು. ಯಾರೂ ಬಾಯಿ ಬಿಡಲಿಲ್ಲ. ಅವರು ವರದಿಯ ಹಾಳೆ ತೆಗೆದರು. ಅಪ್ಪ ಶುಂಠಿಯವರ ಕಾಗದ ಎಲ್ಲಿಟ್ಟಿದ್ದೇನೆಂದು ಯೋಚಿಸುವಂತೆ ಒಳಗೆ ನೋಡಿದರು. ಅಷ್ಟರಲ್ಲಿ ಅಮ್ಮ ಮಜ್ಜಿಗೆ ತಂದರು. ಹೆಡ್ ಕಾನ್‌ಸ್ಟೇಬಲ್ ಲೋಟ ತೆಗೆದುಕೊಳ್ಳುತ್ತ, ಸುಮ್ಮನೆ ಮಾತಿಗೆಂದು ಕೇಳಿದರು.

“ಏನಮ್ಮ, ಮಗ ಹೆಂಗೆ?”

ಅಮ್ಮ ತಟ್ಟೆ ಕೆಳಗಿಟ್ಟರು. “ಬರ್ಕತೀರಾ?”

“ಬರ್ಕತೀನಿ.”

“ಹಾಳೆ ಸಾಕಾ?”

ಅಮ್ಮ ಗೋಡೆಗೆ ಒರಗಿ ಕೂತರು.

“ಒದ್ದೆ ಟವಲ ಮಂಚದ ಮ್ಯಾಲೆ ಹಾಕ್ತಾನೆ. ಹಾಲ ಗಾಜಿನ ಲೋಟದಲ್ಲಿ ಅಳೆದು, ನೀರು ಬೆರ್ಸಿದ್ದೀಯ ಅಂತಾನೆ. ಮುದ್ದೆಗೆ ಥರ್ಮಾಮೀಟ್ರು ಚುಚ್ಚವ್ನೆ, ಒಂದಪ ಅಲ್ಲ, ಎರಡಪ. ಬಚ್ಚಲಲ್ಲಿ ಹಲ್ಲಿ ಇದ್ರೆ ಸ್ನಾನಕ್ಕೆ ಓಗಲ್ಲ, ನಾನು ಓಡುಸ್ಬೇಕು. ಹೋದ ವರ್ಷ ಹಂದಿ ಬಂದ್ವು, ಓಡ್ಸು ಓಗು ಅಂದ್ರ, ಮರಕ್ಕೆ ಹತ್ತಿ ಎಣಿಸ್ಕಂಡು ಕೂತಿದ್ದ. ಹದಿನೇಳು ಅಂತ ಬಂದು ಹೇಳ್ದ. ಕೇಳ್ದವ್ರು ಯಾರು?”

ಹೆಡ್ ಕಾನ್‌ಸ್ಟೇಬಲ್ ಎರಡನೇ ಹಾಳೆ ತೆಗೆದರು. ದೂರದಲ್ಲಿ ನಿಂತವರು ಒಂದೊಂದೇ ಹೆಜ್ಜೆ ಹತ್ತಿರ ಬಂದರು. ಹಲ್ಲಿಯ ಮಾತಿಗೆ ಯಾರೋ ನಕ್ಕರು. ಆಮೇಲೆ ಅಂಗಡಿಯವರು ಗಂಟಲು ಸರಿಮಾಡಿಕೊಂಡು, “ನಮ್ಮ ತಕ್ಕಡೀನೂ ಪರೀಕ್ಷೆ ಮಾಡವ್ನೆ, ಗಿರಾಕಿ ಮುಂದೆ,” ಎಂದರು. ಚಿಕ್ಕಪ್ಪ ಎಲ್ಲರನ್ನೂ ಸರಿಸಿಕೊಂಡು ಮುಂದೆ ಬಂದರು. “ಬದದ ವಿಚಾರನೂ ಬರ್ಕಳಿ ಸಾ. ಎರಡಡಿ ನಂದು.”

“ಇದು ನೋಡು ಊರು ಅಂದ್ರೆ,” ಎಂದು ಹೆಡ್ ಕಾನ್‌ಸ್ಟೇಬಲ್ ಮಜ್ಜಿಗೆ ಮುಗಿಸಿದರು. ಅರ್ಜಿದಾರನಿಂದ ಯಾರಿಗೂ ಭಯವಿಲ್ಲ ಎಂದು ಬರೆದು, ನಮ್ಮೆದುರೇ ಸಹಿ ಹಾಕಿದರು.

ದೀಪಾವಳಿಗೆ ನಾಲ್ಕು ದಿನ ಮೊದಲು ಲೈಸೆನ್ಸ್ ಬಂತು. ಅಪ್ಪ ಶುಂಠಿಯವರ ಕಾಗದ ವಾಪಸು ಕೊಟ್ಟು ಕಳಿಸಿದರು. ವಿಚಾರಣೆಯ ದಿನ ನಾನೂ ಪಕ್ಕದಲ್ಲಿ ಕೂತು ದೂರುಗಳನ್ನು ಸಂಖ್ಯೆ ಹಾಕಿ ಬರೆದುಕೊಂಡಿದ್ದೆ. ಊರಿನವರದು ಒಂಬತ್ತು. ಅಮ್ಮನದು ಮೂವತ್ತೊಂದು.