ಗಿಸು ಕೇಳಿದ ಕೆಂಪು ಸಾರು

ಬಾಂಗ್ ಸಾಹೇಬರು ತಮ್ಮ ವಿಭಾಗದವರನ್ನು ಊಟಕ್ಕೆ ಕರೆದುಕೊಂಡು ಹೋದಾಗಲೆಲ್ಲ ಹೇಳುತ್ತಿದ್ದುದು ಒಂದೇ ಮಾತು: “ಯಾರ್ಯಾರಿಗೆ ಏನೇನು ಬೇಕೋ ಹೇಳ್ರಪ್ಪಾ, ಸಂಕೋಚ ಬೇಡ. ನಂಗೊಂದು ಜಜಾಂಗ್.”

ಕರಿ ಗೊಜ್ಜು ಸುರಿದ ಆ ನೂಡಲ್ಸಿನ ಹೆಸರು ದೊಡ್ಡವರ ಬಾಯಿಂದ ಬಿದ್ದಮೇಲೆ ಉಳಿದವರಿಗೆಲ್ಲ ಅದೇ ಬೇಕಾಗಿಬಿಡುತ್ತದೆ. ಇಂಚನ್ ಬಂದರಿನಲ್ಲಿ ಸಂಬಳ ತೆಗೆದುಕೊಂಡು ಬದುಕುವ ಯಾರಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ. ಹಾಗಿರುವಾಗ ಆ ಶುಕ್ರವಾರ ಮಧ್ಯಾಹ್ನ ಯೋಮ್ ಗಿಸುವಿನ ಬಾಯಿಂದ “ನಂಗೆ ಜಂಪೊಂಗ್” ಎಂಬ ಮಾತು ಹೇಗೆ ಹೊರಬಿತ್ತೋ, ಅವನಿಗೇ ಗೊತ್ತಾಗಲಿಲ್ಲ.

ತಪ್ಪೆಲ್ಲ ಪಕ್ಕದ ಮೇಜಿನದು. ಅಲ್ಲಿ ಹಡಗುಕಟ್ಟೆಯ ಹಮಾಲರು ಕೂತು ಕೆಂಪು ಸಾರಿನ ಜಂಪೊಂಗನ್ನು ಸೊರಸೊರ ಎಳೆಯುತ್ತಿದ್ದರು. ಕಪ್ಪೆಚಿಪ್ಪು, ಹತ್ತು ಕಾಲಿನ ಬೊಂಡಾಸು ಮೀನು, ದೊಡ್ಡ ಉರಿಯಲ್ಲಿ ಬಾಡಿಸಿದ ಈರುಳ್ಳಿ, ಒಣಮೆಣಸು. ಆ ಘಮ ಗಿಸುವಿನ ಮೂಗಿಗೆ ನುಗ್ಗಿ, ಬುದ್ಧಿಯನ್ನು ಕೇಳದೆ ನೇರ ನಾಲಿಗೆಗೆ ಇಳಿಯಿತು.

ಬೇರೆ ದಿನವಾಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ದ್ವೀಪಕ್ಕೆ ಯಾರು ಹೋಗಬೇಕೆಂಬುದನ್ನು ಸಾಹೇಬರು ಅವತ್ತೇ ಊಟದ ಹೊತ್ತಿಗೆ ಹೇಳುವವರಿದ್ದರು. ಮೀನುದೋಣಿಗಳ ಎಂಜಿನ್ನಿಗೆ ಬಿಡಿಭಾಗ ಮಾರುವ ಅವರ ಕಂಪನಿ ಪಶ್ಚಿಮ ಸಮುದ್ರದ ನಡುವೆ, ಮಂಜು ಕವಿದರೆ ವಾರಗಟ್ಟಲೆ ಹಡಗೂ ಬಾರದ ದ್ವೀಪವೊಂದರಲ್ಲಿ ಶಾಖೆ ತೆರೆದಿತ್ತು. ಅಲ್ಲಿಗೆ ಒಬ್ಬ ಬೇಕಾಗಿದ್ದ. ಗಿಸುವಿಗೋ ಕೆರೆಯಲ್ಲಿ ಹಂಸದೋಣಿ ಏರಿದರೂ ವಾಂತಿ. ಮೇಲಾಗಿ ಅವನ ಮಗಳು ಈಗಷ್ಟೇ ಗೋಡೆ ಹಿಡಿದು ನಡೆಯತೊಡಗಿದ್ದಳು. ಅವಳು ಗೋಡೆ ಬಿಟ್ಟು ನಡೆಯುವ ದಿನ ತಾನು ಎದುರಿಗಿರಬೇಕು ಎಂಬುದೊಂದೇ ಅವನ ಆಸೆ. ಹೆಂಡತಿ ಜೊಂಗಾ ಬೆಳಿಗ್ಗೆಯೇ ಕಟ್ಟಪ್ಪಣೆ ಮಾಡಿ ಕಳಿಸಿದ್ದಳು: “ಇವತ್ತೊಂದಿನ ಇದ್ದೀರೋ ಇಲ್ವೋ ಅನ್ನೋ ಹಾಗಿರಿ. ಕಣ್ಣಿಗೆ ಬಿದ್ದೋರೇ ಹಡಗಿಗೂ ಬೀಳೋದು.”

“ಜಂಪೊಂಗಾ?” ಎಂದರು ಸಾಹೇಬರು.

“ಇಲ್ಲ ಸರ್, ಬಾಯ್ತಪ್ಪಿ ಬಂತು. ನಂಗೂ ಜಜಾಂಗೇ.”

“ಇರ್ಲಿ, ಇರ್ಲಿ. ಕೇಳಿದ್ದೀಯಲ್ಲ, ತಿನ್ನು.”

ಆ “ಇರ್ಲಿ” ಕೇಳಿ ಗಿಸುವಿಗೆ ದ್ವೀಪದ ಹಡಗೇ ಕಣ್ಣ ಮುಂದೆ ಬಂದು ನಿಂತಿತು. ಎದುರಿಗೆ ಕೂತ ನಾಮ್‌ನ ಮುಖಕ್ಕೆ ಮಾತ್ರ ಬಹಳ ದಿನದ ಮೇಲೆ ಕಳೆ ಬಂತು. ಹೋದ ತಿಂಗಳು ಎಲ್ಲರೂ ಮೈಕು ಹಿಡಿಯುವ ಕರಾವೋಕೆ ಹಾಡುಕೋಣೆಯಲ್ಲಿ ಅವನು ಸಾಹೇಬರಿಗಿಂತ ಚೆನ್ನಾಗಿ ಹಾಡಿಬಿಟ್ಟಿದ್ದ. ದ್ವೀಪ ಅವನಿಗೇ ಎಂದು ಎಲ್ಲರೂ ಲೆಕ್ಕ ಹಾಕಿದ್ದರು.

“ಧೈರ್ಯ ಕಣಯ್ಯ ನಿಂದು,” ಎಂದು ನಾಮ್ ಮೆಲ್ಲಗೆ ಹೇಳಿದ. “ಅಲ್ಲಿ ಚಳಿಗಾಲ ಜೋರಂತೆ. ನನ್ನ ದಪ್ಪ ಕೋಟು ಬೇಕಾದ್ರೆ ಕೊಡ್ತೀನಿ.”

ಕೈ ತೊಳೆಯುವ ನೆಪ ಹೇಳಿ ಗಿಸು ಅಡುಗೆಮನೆಯ ಕಿಂಡಿಗೆ ಹೋದ. ಮೂರು ತಲೆಮಾರಿನ ಹಿಂದೆ ಸಮುದ್ರದಾಚೆಯ ಶಾನ್‌ಡೋಂಗಿನಿಂದ ಬಂದು ಈ ಬಂದರಿನಲ್ಲಿ ಒಲೆ ಹೂಡಿದ ಮನೆತನ ಅದು. ಗಿರಾಕಿಗಳೆಲ್ಲ ಚಿಕ್ಕಮ್ಮ ಎಂದೇ ಕರೆಯುವ ಈಗಿನ ಯಜಮಾನಿ ಬಾಣಲೆ ಎತ್ತಿ ಕುಲುಕುತ್ತಿದ್ದಳು.

“ಚಿಕ್ಕಮ್ಮಾ, ಆ ಜಂಪೊಂಗ್ ಬೇಡ. ಅದನ್ನೂ ಜಜಾಂಗ್ ಮಾಡಿಬಿಡಿ,” ಎಂದು ಗಿಸು ಪಿಸುಗುಟ್ಟಿದ.

ಚಿಕ್ಕಮ್ಮನಿಗೆ ಪಿಸುಗುಟ್ಟುವ ಅಭ್ಯಾಸವಿರಲಿಲ್ಲ. “ಬಾಣಲೆಗೆ ಬಿದ್ದಾಯ್ತು. ಬೇಡ ಅಂದ ತಕ್ಷಣ ಕಪ್ಪೆಚಿಪ್ಪು ಎದ್ದು ಸಮುದ್ರಕ್ಕೆ ಹೋಗ್ತವಾ? ಆಸೆಪಟ್ಟು ಕೇಳಿದೋನು ಈಗ ಯಾರಿಗಪ್ಪಾ ಹೆದರ್ತಿದ್ದೀಯ? ಆ ಬೋಳುತಲೆಯೋರಿಗಾ?”

ಹಮಾಲರೂ ಸೇರಿದಂತೆ ಅಂಗಡಿಯೆಲ್ಲ ಬಾಂಗ್ ಸಾಹೇಬರ ತಲೆಯ ಕಡೆ ತಿರುಗಿತು. ಸಾಹೇಬರು ಮೂಲಂಗಿ ಉಪ್ಪಿನಕಾಯಿಯ ಬಟ್ಟಲನ್ನೇ ನೋಡುತ್ತ ಕೂತರು. ಗಿಸು ಬಂದು ಅಪರಾಧಿಯಂತೆ ತನ್ನ ಜಾಗ ಸೇರಿದ.

ಜಜಾಂಗ್‌ಗಳೇನೋ ಬೇಗ ಬಂದವು, ಜಂಪೊಂಗ್ ಬರಲಿಲ್ಲ. ಎಲ್ಲರ ಕೈ ಊಟದ ಕಡ್ಡಿಗೆ ಹೋಯಿತು. ಸಾಹೇಬರು ತಡೆದರು: “ಗಿಸುದೂ ಬರ್ಲಿ. ಒಟ್ಟಿಗೇ ತಿನ್ನೋಣ.”

ದೊಡ್ಡವರು ಕಡ್ಡಿ ಎತ್ತುವ ಮುಂಚೆ ಯಾರು ಎತ್ತುತ್ತಾರೆ? ಕೂತರು. ನೂಡಲ್ಸ್ ಊದಿತು, ಗೊಜ್ಜು ಕೆನೆಗಟ್ಟಿತು. ಗಿಸುವಿನ ಪಕ್ಕದಲ್ಲಿದ್ದ ಲೆಕ್ಕ ಬರೆಯುವ ಮಿರಾನ್ ತಿರುವಿ ನೋಡೋಣವೆಂದು ಕಡ್ಡಿ ಹಾಕಿದರೆ ಬಟ್ಟಲೇ ಜೊತೆಗೆ ತಿರುಗಿತು.

“ನಿಮ್ಮಿಂದ ಇವತ್ತು ಕತ್ತರಿ ಹಾಕಿ ತಿನ್ನೋ ಯೋಗ ಬಂತು ನೋಡಿ,” ಎಂದಳು.

ಕೊನೆಗೂ ಜಂಪೊಂಗ್ ಬಂತು. ಪಾಪ, ಹೆದರಿದ ಹುಡುಗ ಎಂದು ಚಿಕ್ಕಮ್ಮ ಕರುಣೆ ತೋರಿ ಮೇಲೊಂದು ಇಡೀ ಬೊಂಡಾಸನ್ನೇ ಕೂರಿಸಿದ್ದಳು. ಗಿಸು ಬಗ್ಗಿ, ಒಂದೇ ಉಸಿರಿಗೆ ಮುಗಿಸಿ ಮಾಯವಾಗಿಬಿಡೋಣವೆಂದು ಜೋರಾಗಿ ಎಳೆದ. ನೂಡಲ್ಸಿನ ಬಾಲ ಮೇಲೆ ಹಾರಿ ಚಾಟಿಯಂತೆ ಬೀಸಿತು. ಕೆಂಪು ಹನಿಯೊಂದು ಹೋಗಿ ಸಾಹೇಬರ ಬಿಳಿ ಅಂಗಿಯ ಜೇಬಿನ ಮೇಲೆ ಕೂತಿತು.

“ಅಯ್ಯೋ ಸರ್,” ಎಂದು ಗಿಸು ಒದ್ದೆ ಕಾಗದ ಹಿಡಿದು ಉಜ್ಜಿದ. ಹನಿ ಬೆಳೆದು ಕಾಸಿನಗಲವಾಯಿತು. ಇನ್ನೂ ಉಜ್ಜಿದ, ಅಂಗೈ ಅಗಲವಾಯಿತು. ಸಾಹೇಬರು ಅವನ ಕೈ ಹಿಡಿದು ಪಕ್ಕಕ್ಕಿಟ್ಟರು. ಆಮೇಲೆ ಗಿಸುವಿನ ಬಟ್ಟಲನ್ನು ತಮ್ಮ ಕಡೆಗೆ ಎಳೆದುಕೊಂಡರು.

ಗಿಸು ಕಣ್ಣು ಮುಚ್ಚಿದ. ಸೊರ್ ಎಂದು ಸದ್ದಾಯಿತು. ಕಣ್ಣು ಬಿಟ್ಟರೆ ಸಾಹೇಬರ ಬೋಳುತಲೆಯ ಮೇಲೆ ಬೆವರು, ಮುಖದ ತುಂಬ ಆನಂದ.

“ನಾನು ಹೊಸಬ ಇದ್ದಾಗ,” ಎಂದರು, ಬೊಂಡಾಸು ಅಗಿಯುತ್ತ, “ನಮ್ಮ ಸಾಹೇಬ್ರು ಜಜಾಂಗ್ ಅಂತಿದ್ರು. ನಾನೂ ಅಂದೆ. ಈಗ ನಾನು ಅಂತೀನಿ, ನೀವೂ ಅಂತೀರಿ. ದೊಡ್ಡೋನು ನಾನೇ ಬಾಯಿಬಿಟ್ಟು ಬೇರೆ ಕೇಳೋಕೆ ನಾಚಿಕೆ. ಒಬ್ಬನಾದ್ರೂ ಬೇರೆ ಕೇಳ್ತಾನಾ ಅಂತ ಕಾದೂ ಕಾದೂ ಸಾಕಾಗಿತ್ತು ಕಣಯ್ಯ. ಜಜಾಂಗ್ ನೋಡಿದ್ರೇನೇ ನಂಗೆ ಎದೆ ಉರಿ.”

ನಾಮ್‌ನ ಮುಖದ ಕಳೆ ಇಳಿಯಿತು. ಮಿರಾನ್ ತಾನೂ ಮೊದಲಿಂದ ಜಂಪೊಂಗ್ ಪಕ್ಷವೇ ಎಂದಳು, ಯಾರೂ ಕೇಳಿಸಿಕೊಳ್ಳಲಿಲ್ಲ. ಗಿಸುವಿಗೆ ಹೋದ ಜೀವ ಬಂದ ಹಾಗಾಯಿತು. ಮಗಳು ಗೋಡೆ ಬಿಟ್ಟು ಕೈ ಚಾಚಿ ತನ್ನತ್ತ ಬರುವುದೇ ಕಣ್ಣಿಗೆ ಕಟ್ಟಿತು. ಖುಷಿಗೆ ಕಣ್ಣಲ್ಲಿ ನೀರೂ ಬಂತು.

“ಸ್ವಂತ ಬುದ್ಧಿ ಇರೋನು ಇವನೊಬ್ನೇ,” ಎಂದು ಸಾಹೇಬರು ಅವನ ಬೆನ್ನು ತಟ್ಟಿದರು. “ದ್ವೀಪಕ್ಕೆ ಅಂಥೋನೇ ಬೇಕಾಗಿದ್ದ. ಅಲ್ಲಿ ಕೇಳೋಕೆ ಮೇಲಿನೋರು ಇಲ್ಲ, ಎಲ್ಲ ಅವನೇ ನಿರ್ಧಾರ ಮಾಡ್ಬೇಕು. ನಾಮ್‌ನ ಕಳಿಸೋಣ ಅಂತಿದ್ದೆ, ಅವನು ಜಜಾಂಗ್ ಅಂದ. ಗಿಸು, ಭಾನುವಾರದ ಹಡಗಿಗೆ ಹೊರಡಪ್ಪಾ.”

“ಸರ್, ನಂಗೆ ಸ್ವಂತ ಬುದ್ಧಿ ಅನ್ನೋದೇ ಇಲ್ಲ,” ಎಂದ ಗಿಸು. “ಬೇಕಾದ್ರೆ ನನ್ನ ಹೆಂಡ್ತೀನ ಕೇಳಿ.”

“ಸುಳ್ಳು ಸರ್,” ಎಂದ ನಾಮ್ ಥಟ್ಟನೆ. “ಇವನಷ್ಟು ಬುದ್ಧಿ ನಮ್ಮಲ್ಲಿ ಇನ್ಯಾರಿಗಿದೆ?”

ಗಿಸು ಎದ್ದು ನಿಂತ. ಜೀವಮಾನದಲ್ಲಿ ಮೊದಲ ಸಲ ಅವನ ದನಿ ಗಟ್ಟಿಯಾಯಿತು. “ನಾನು ಹೋಗಲ್ಲ ಸರ್. ಏನಾದ್ರೂ ಆಗ್ಲಿ, ಹೋಗಲ್ಲ.”

ಸಾಹೇಬರು ಸಂತೋಷ ತಡೆಯಲಾರದೆ ಮೇಜು ಕುಟ್ಟಿದರು. “ನೋಡಿದ್ರಾ? ನನ್ನ ಮುಖಕ್ಕೇ ಆಗಲ್ಲ ಅಂತಾನೆ. ಇಂಥೋನನ್ನ ಬಿಟ್ಟು ಇನ್ಯಾರನ್ನ ಕಳಿಸ್ಲಿ?”

ಎಲ್ಲರೂ ಚಪ್ಪಾಳೆ ತಟ್ಟಿದರು, ನಾಮ್ ಎಲ್ಲರಿಗಿಂತ ಜೋರಾಗಿ. ಸಾಹೇಬರು ಕೆಂಪು ಸಾರನ್ನು ಬಟ್ಟಲೆತ್ತಿ ಕೊನೆಯ ಹನಿಯವರೆಗೂ ಕುಡಿದು, ಹೆಪ್ಪುಗಟ್ಟಿ ಕೂತಿದ್ದ ತಮ್ಮ ಜಜಾಂಗನ್ನು ಗಿಸುವಿನ ಮುಂದಕ್ಕೆ ತಳ್ಳಿದರು.

“ಕೂತ್ಕೊಂಡು ತಿನ್ನಪ್ಪಾ. ಅಲ್ಲಿ ಇದೂ ಸಿಗಲ್ಲ.”