ಮಾವಶಿಗೊಬ್ಬ ವೈರಿ ಬೇಕು

ದಾಂಡೇಲಿಯಲ್ಲಿ ಹುಡುಕಿದರೂ ಸಿಗದ ವಸ್ತು ಯಾವುದಾದರೂ ಇದೆಯೇ? ಇದೆ. ವೈರಿ! ನಂಬುವುದಿಲ್ಲವೇ? ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ. ನನಗೇ ಕಡಿಮೆಯೆಂದರೂ ಏಳು ಜನ ಇದ್ದಾರೆ. ಅವರಲ್ಲಿ ಇಬ್ಬರು ನಮ್ಮ ಓಣಿಯವರೇ. ಆದರೆ ಪಕ್ಕದ ಮನೆಯ ಮಾವಶಿ ಹೆಚ್ಚುಕಡಿಮೆ ಒಂದು ತಿಂಗಳು ಊರೆಲ್ಲಾ ಅಲೆದರೂ ಅವರಿಗೆ ಒಬ್ಬನೇ ಒಬ್ಬ ವೈರಿ ಸಿಗಲಿಲ್ಲ.

ಮಾವಶಿ ಎಂದರೆ ಚಿಕ್ಕಮ್ಮ, ಆದರೆ ಅವರು ನನ್ನ ರಕ್ತಸಂಬಂಧಿಯೇನಲ್ಲ. ನಮ್ಮಪ್ಪ ಕಾಗದದ ಕಾರ್ಖಾನೆಯ ಕೆಲಸ ಹಿಡಿದು ಧಾರವಾಡದ ಕಡೆಯಿಂದ ಬಂದಾಗ, ಅವರ ಯಜಮಾನರು ಜೋಯಿಡಾದ ಕಡೆಯಿಂದ ಬಂದಿದ್ದರು. ಎರಡೂ ಮನೆಗಳ ನಡುವೆ ಒಂದೇ ಗೋಡೆ. ಈ ಬದಿ ಈಶ್ವರನ ಫೋಟೋ, ಆ ಬದಿ ಶಿಲುಬೆ. ಅಡುಗೆಮನೆಯ ಹತ್ತಿರ ಒಂದು ಇಟ್ಟಿಗೆ ಸಡಿಲಾಗಿತ್ತು. ನಮ್ಮವ್ವ ಮತ್ತು ಮಾವಶಿ ಸೇರಿ ಅದನ್ನು ಪೂರ್ತಿ ಕಿತ್ತು ಕಿಂಡಿ ಮಾಡಿಕೊಂಡರು. ಅವ್ವ ಹೋದ ಮೇಲೂ ಆ ಕಿಂಡಿಯಲ್ಲಿ ಅತ್ತಲಿಂದ ಸಾರು, ಇತ್ತಲಿಂದ ಪಲ್ಯ ಓಡಾಡುತ್ತಲೇ ಇದೆ. ಮೀನಿನ ದಿನ ಮಾತ್ರ ಮಾವಶಿ ಕಿಂಡಿಗೆ ಬಟ್ಟೆ ತುರುಕುತ್ತಾರೆ. ನಮಗೆ ವಾಸನೆ ಬರಬಾರದಂತೆ! (ಬಂದರೆ ನನ್ನ ಅಭ್ಯಂತರವೇನಿಲ್ಲ. ಹೆಂಡತಿಯ ಮುಂದೆ ಇದನ್ನು ಹೇಳಿಲ್ಲ.)

ಯಜಮಾನರು ತೀರಿಕೊಂಡ ಮೇಲೆ ಮಾವಶಿ ಒಬ್ಬರೇ. ಮಕ್ಕಳಿಲ್ಲ. ಎರಡು ಖೋಲಿಯ ಮನೆ, ಮಳೆಗಾಲದಲ್ಲಿ ಹೆಂಚು ಮೂರು ಕಡೆ ಸೋರುತ್ತದೆ. ಒಮ್ಮೆ ನಾನು ಕನಿಕರ ತೋರಿಸಲು ಹೋದೆ.

“ಮೂರು ಪಾತೇಲಿ ಇಟ್ಟೇನಿ. ನಾಲ್ಕನೇದು ಖಾಲಿ ಐತಿ ನೋಡ, ಅದರಾಗ ಅನ್ನಾ ಮಾಡ್ತೇನಿ. ದೇವ್ರು ನನ್ನ ಪಾತೇಲಿ ನೋಡಿಕೊಂಡ ಸೋರಸ್ತಾನ!” ಅಂದರು ಮಾವಶಿ.

ಇಂಥವರಿಗೆ ಕನಿಕರ ತೋರಿಸುವುದಾದರೂ ಹೇಗೆ? ನನ್ನದು ಸ್ಲ್ಯಾಬ್ ಹಾಕಿಸಿದ ಮನೆ, ಒಂದು ಹನಿಯೂ ಸೋರುವುದಿಲ್ಲ. ಆದರೂ ಗೋಡೆಯ ಬಣ್ಣ ಸರಿಯಿಲ್ಲವೆಂದು ನಾನು ವಾರಕ್ಕೆರಡು ಸಲ ಗೊಣಗುತ್ತೇನೆ.

ಇಷ್ಟು ನೆಮ್ಮದಿಯ ಹೆಂಗಸಿನ ನೆಮ್ಮದಿ ಕೆಡಿಸಿದವರು ಹೊಸದಾಗಿ ಬಂದ ಫಾದರ್. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಒಂದು ಭಾನುವಾರ ಅವರು ಉಪದೇಶದಲ್ಲಿ, ನಮ್ಮನ್ನು ಪ್ರೀತಿಸುವವರನ್ನು ಪ್ರೀತಿಸುವುದರಲ್ಲಿ ಏನು ದೊಡ್ಡಸ್ತಿಕೆ, ವೈರಿಯನ್ನು ಪ್ರೀತಿಸಿ ತೋರಿಸಿ ಎಂದರಂತೆ. ಮಾವಶಿ ಚರ್ಚಿನಿಂದ ನೆಟ್ಟಗೆ ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತರು. ಮುಖ ಸಪ್ಪಗಿತ್ತು.

“ತಮ್ಮಾ, ನನಗ ಒಬ್ಬರೂ ವೈರಿ ಇಲ್ಲಲ್ಲೋ. ಇಷ್ಟ ವಯಸ್ಸಾತು, ಆ ಒಂದು ಮಾತು ಪಾಲಿಸಾಕ ಆಗಲೇ ಇಲ್ಲ. ಮ್ಯಾಲೆ ಹೋದಾಗ ಕೇಳಿದ್ರ ಏನ್ ಹೇಳ್ಲಿ?”

ನನ್ನ ಹೆಂಡತಿ ಮುಂಡಗೋಡದ ಕಡೆಯ ಒಕ್ಕಲುತನದ ಮನೆಯವಳು. ಅವರಲ್ಲಿ ಹೊಲದ ಬದುವಿನ ಸಲುವಾಗಿ ತಾತನ ಕಾಲದಿಂದ ಸಾಕಿಕೊಂಡು ಬಂದ ವೈರಿಗಳಿದ್ದಾರೆ. “ಅಷ್ಟಕ್ಯಾಕ ಚಿಂತಿ ಮಾಡ್ತೀರಿ ಮಾವಶಿ? ನಮ್ಮ ತವರಿಗೆ ಬರ್ರಿ, ಒಳ್ಳೆ ಗಟ್ಟಿಮುಟ್ಟಾದ ಇಬ್ಬರನ್ನ ಆರಿಸಿ ಕೊಡ್ತೇವಿ!” ಅಂದಳು.

“ಬ್ಯಾರೆಯವರ ವೈರಿ ನಡಿಯೂದಿಲ್ಲವಾ. ಸ್ವಂತದ್ದ ಆಗಬೇಕು.”

ಹೀಗೆ ಶುರುವಾಯಿತು ಬೇಟೆ. ಮೊದಲು ಕಣ್ಣಿಗೆ ಬಿದ್ದವನು ಕಾರವಾರದ ಮೀನನ್ನು ಸ್ಕೂಟರಿನ ಮೇಲೆ ತರುವ ಮನುಷ್ಯ. ಅವನ ತಕ್ಕಡಿಯ ಮೇಲೆ ಓಣಿಯ ಎಲ್ಲರಿಗೂ ಗುಮಾನಿ. ಮಾವಶಿ ಸೆರಗು ಸಿಕ್ಕಿಸಿ, ಹುಬ್ಬು ಗಂಟಿಕ್ಕಿ, ಜಗಳಕ್ಕೆ ತಯಾರಾಗಿಯೇ ಹೊರಬಿದ್ದರು. ನಾವೆಲ್ಲ ಕಿಟಕಿಗೆ ಮುಖ ಅಂಟಿಸಿ ನಿಂತೆವು. ಹತ್ತು ನಿಮಿಷದ ಮೇಲೆ ಮಾವಶಿ ವಾಪಸು ಬಂದು ಮನೆಯಲ್ಲಿದ್ದ ಹಳೆಯ ಹತ್ತಿ ಸೀರೆಯನ್ನು ಹರಿಯತೊಡಗಿದರು. ಅವನ ಹೆಂಡತಿ ಹಿಂದಿನ ವಾರ ಹಡೆದಿದ್ದಳಂತೆ, ಕೂಸಿಗೆ ಮೆತ್ತನೆಯ ಬಟ್ಟೆ ಬೇಕಂತೆ! ವೈರಿಯಾಗಬೇಕಾದವನು ಬೀಗನಾಗಿ ಹೋದ.

ಎರಡನೆಯ ಸರದಿ ಮಂಗಗಳದು. ಪೇರಲ ಗಿಡದಲ್ಲಿ ಕಾಯಿ ಉಳಿಸದೆ, ಹೆಂಚನ್ನೂ ಬಿಡದೆ ಕುಣಿಯುವ ದಂಡು. ಇವು ನಡೆಯುತ್ತವೆಯೇ ಎಂದು ಮಾವಶಿ ಫಾದರನ್ನೇ ಕೇಳಿದರು. ಅವರು ಬಹಳ ಹೊತ್ತು ಯೋಚಿಸಿ, “ಇಲ್ಲಮ್ಮಾ, ಮನುಷ್ಯರೇ ಆಗಬೇಕು,” ಅಂದರಂತೆ. ಆ ದಿನದಿಂದ ಫಾದರ್ ನಮ್ಮ ಓಣಿಗೆ ಬರುವುದನ್ನು ಕಡಿಮೆ ಮಾಡಿದರೆಂದು ನನ್ನ ಗುಮಾನಿ.

ಮೂರನೆಯದಂತೂ ಕೈಗೆ ಬಂದೇಬಿಟ್ಟಿತ್ತು. ಹಳಿಯಾಳದ ಬಸ್ಸು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುವುದು ನಮ್ಮಲ್ಲಿ ಕಾನೂನಿಗಿಂತ ದೊಡ್ಡದು. ಮಾವಶಿ ಬೇಕೆಂದೇ ಯಾರದೋ ಕರ್ಚೀಫಿನ ಮೇಲೆ ಕುಳಿತರು. ಕರ್ಚೀಫಿನ ಒಡತಿ ಬಂದು ಬಾಯಿಗೆ ಬಂದಂತೆ ಬೈದಳು. ಮಾವಶಿಗೆ ಹಿಡಿಸಲಾರದಷ್ಟು ಸಂತೋಷ! ಕೂಡಲೇ ಚೀಲದಿಂದ ಪೆನ್ನು ತೆಗೆದು, “ನಿಮ್ಮ ಹೆಸರೇನವಾ? ಊರು ಯಾವುದು?” ಎಂದು ಕೇಳಿದರು.

“ನನ್ನ ಹೆಸರು ಯಾಕ ಬೇಕು ನಿನಗ? ಪೊಲೀಸರಿಗೆ ಕೊಡ್ತೀಯೇನು?”

“ಇಲ್ರೀ. ದಿನಾ ನಿಮ್ಮ ಹೆಸರಿಲೆ ಪ್ರಾರ್ಥನಾ ಮಾಡಾಕ.”

ಆ ಹೆಂಗಸು ಗಾಬರಿಯಾದಳು. ಇದ್ಯಾವುದೋ ಮಾಟದ ಮುದುಕಿ ಎಂದುಕೊಂಡಳೋ ಏನೋ! ಕಂಡಕ್ಟರ್ ನಡುವೆ ಬಂದು, ಮಾವಶಿ ಫಾದರ್ ಹೇಳಿದ್ದನ್ನೆಲ್ಲ ವಿವರಿಸಿ, ಬಸ್ಸಿಗೆ ಬಸ್ಸೇ ನಕ್ಕು, ಹಳಿಯಾಳ ಬರುವಷ್ಟರಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕುಳಿತಿದ್ದರು. ಮಾವಶಿ ಸಂಜೆ ಮನೆಗೆ ಬಂದಾಗ ಚೀಲದಲ್ಲಿ ಆಕೆ ಕೊಟ್ಟ ನಾಲ್ಕು ಸವತೆಕಾಯಿ ಇದ್ದವು.

“ಇದೂ ಹೋತು ತಮ್ಮಾ,” ಅಂದರು ಬೇಸರದಿಂದ, ಕಿಂಡಿಯಲ್ಲಿ ಒಂದು ಸವತೆಕಾಯಿ ತೂರಿಸುತ್ತಾ.

ಆಗ ನಾನು ಬಾಯಿ ಮುಚ್ಚಿಕೊಂಡು ಸವತೆಕಾಯಿ ತಿನ್ನಬೇಕಿತ್ತು. ತಮಾಷೆ ಮಾಡುವ ಚಟ ನನ್ನದು. “ಊರೆಲ್ಲಾ ಯಾಕ ಹುಡುಕತೀರಿ ಮಾವಶಿ? ಅಣಶಿ ಕಡೆ ನಿಮ್ಮ ತಂಗಿ ಅದಾರಲ್ಲ!” ಅಂದುಬಿಟ್ಟೆ.

ಆಚೆಯಿಂದ ಕಿಂಡಿಗೆ ಬಟ್ಟೆ ಬಂತು. ಅದು ಮೀನಿನ ದಿನವಲ್ಲ.

ಅವರ ತಾಯಿ ತೀರಿಕೊಂಡದ್ದು ಒಂಬತ್ತು ವರ್ಷದ ಹಿಂದೆ, ಆಷಾಢದ ಮಳೆಯಲ್ಲಿ. ಅಣಶಿಯ ಹತ್ತಿರದ ಹಳ್ಳಿ, ತಂಗಿಯ ಮನೆ. ಮರ ಬಿದ್ದು ರಸ್ತೆ ಬಂದ್ ಆಗಿತ್ತು, ಫೋನು ಹತ್ತುತ್ತಿರಲಿಲ್ಲ. ಸುದ್ದಿ ಹೇಳಲು ಕಳಿಸಿದ ಮನುಷ್ಯ ದಾಂಡೇಲಿ ಮುಟ್ಟಿದ್ದೇ ಮರುದಿನ ಸಂಜೆ. ಮಾವಶಿ ಅಲ್ಲಿ ಹೋಗುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಅವ್ವನ ಮುಖ ನೋಡಲು ಬಿಡಲಿಲ್ಲವೆಂದು ಅಕ್ಕ, ಆ ಮಳೆಯಲ್ಲಿ ಎಷ್ಟು ದಿನ ಇಟ್ಟುಕೊಳ್ಳಲಿ ಎಂದು ತಂಗಿ, ಗೋರಿಯ ಮುಂದೆಯೇ ಕೂಗಾಡಿದರಂತೆ. ಅಂದಿನಿಂದ ಮಾತಿಲ್ಲ. ನಮ್ಮವ್ವ ಇದನ್ನು ನನಗೆ ಹೇಳಿದ್ದಳು, ಮಾವಶಿಯ ಮುಂದೆ ಎತ್ತಬೇಡ ಎಂದೂ ಹೇಳಿದ್ದಳು.

ಮೂರು ದಿನ ಕಿಂಡಿ ತೆರೆಯಲಿಲ್ಲ. ಹೆಂಡತಿ ನನ್ನೊಡನೆ ಮಾತು ಬಿಟ್ಟಳು. ನನಗೂ ಅನ್ನ ಸೇರಲಿಲ್ಲ, ನಿಜ ಹೇಳುತ್ತೇನೆ. ನಾಲ್ಕನೆಯ ದಿನ ಬೆಳಿಗ್ಗೆ ಮಾವಶಿ ಚರ್ಚಿಗೆ ಉಡುವ ಸೀರೆ ಉಟ್ಟು ನಮ್ಮ ಬಾಗಿಲಿಗೆ ಬಂದರು.

“ಗಾಡಿ ತಗಿ. ಅಣಶಿಗೆ ಹೋಗೂಣು.”

“ಮಾವಶಿ, ನಾ ಏನೋ ಚೇಷ್ಟಿಗೆ ಅಂದೆ...”

“ಖರೇನ ಅಂದಿ. ಮೀನಿನವನ್ನ, ಮಂಗ್ಯಾನ್ನ ಹುಡುಕಿದ್ದು ಯಾಕ ಗೊತ್ತೇನು? ಅಕಿ ಕಡೆ ಹೋಗೂದು ತಪ್ಪಸಾಕ. ಪ್ರೀತಿ ಮಾಡಾಕ ಸುಲಭದ ವೈರಿ ಬೇಕಾಗಿತ್ತು ನನಗ.”

ಮೋಟಾರ್‌ಸೈಕಲ್ಲಿನ ಹಿಂದೆ ಓರೆಯಾಗಿ ಕುಳಿತು, ಒಂದು ಕೈಯಲ್ಲಿ ನನ್ನ ಅಂಗಿ, ಇನ್ನೊಂದರಲ್ಲಿ ಜಪಮಾಲೆ ಹಿಡಿದರು. ಕಾಡಿನ ಒಂದೊಂದು ತಿರುವಿಗೂ ಒಂದು ಮಣಿ. “ನಾ ಅಕಿನ್ನ ಪ್ರೀತಿ ಮಾಡಾಕ ಹೊಂಟೇನಿ, ಮಾತಾಡ್ಸಾಕ ಅಲ್ಲ,” ಎಂದು ನಡುನಡುವೆ ಎಚ್ಚರಿಸುತ್ತಿದ್ದರು. ಜೋಯಿಡಾದಲ್ಲಿ ಚಹಾ ಕುಡಿಯಲು ನಿಂತಾಗ, “ಬ್ಯಾಡೋ ತಮ್ಮಾ, ಗಾಡಿ ತಿರಗಸು,” ಅಂದರು. ತಿರುಗಿಸಿದೆ. ಹತ್ತು ಮಾರು ಹೋಗಿಲ್ಲ, “ಎಲ್ಲಿಗೆ ಹೊಂಟೀ? ಅಣಶಿ ಆ ಕಡೆ ಐತಿ!” ಎಂದು ಬೆನ್ನಿಗೆ ಗುದ್ದಿದರು. ಚಹಾದಂಗಡಿಯವರು ನಗುತ್ತಾ ನಿಂತರು.

ತಂಗಿ ಅಂಗಳದಲ್ಲಿ ಗೇರುಬೀಜ ಬಿಸಿಲಿಗೆ ಹರಡುತ್ತಿದ್ದರು. ತಲೆ ಎತ್ತಿ ನೋಡಿದರು. ಮತ್ತೆ ಬಗ್ಗಿ ಬೀಜ ಹರಡಿದರು. ಮಾವಶಿ ಅಂಗಳದ ತುದಿಯಲ್ಲೇ ನಿಂತರು. ಇನ್ನು ಗಾಡಿ ತಿರುಗಿಸಬೇಕಾಗುತ್ತದೆಂದು ನಾನು ಕೀಲಿಗೆ ಕೈ ಹಾಕಿದೆ.

ಆಗ ಮಾವಶಿ ಕೊಂಕಣಿಯಲ್ಲಿ ಮಾತಾಡಿದರು. ನನಗೆ ಕೊಂಕಣಿ ಅರ್ಧ ತಿಳಿಯುತ್ತದೆ. ಆ ಅರ್ಧ ಸಾಕಿತ್ತು. “ಒಂಬತ್ತು ವರ್ಷ ನಿನ್ನ ಮ್ಯಾಲೆ ಸಿಟ್ಟು ಇಟ್ಟೆ. ತಪ್ಪು ನಂದು,” ಅಂದರು.

“ಗೊತ್ತೈತಿ,” ಅಂದರು ತಂಗಿ ತಲೆ ಎತ್ತದೆ. “ದಿನಾ ನಿನ್ನ ಹೆಸರು ಹಿಡದ ಪ್ರಾರ್ಥನಾ ಮಾಡೇನಿ. ನನಗ ಬ್ಯಾರೆ ವೈರಿ ಯಾರದಾರ?”

ಮಾವಶಿ ಮೊದಲು ನಕ್ಕರು. ತಂಗಿಯೂ ನಕ್ಕರು. ನಗು ಹೇಗೆ ಅಳುವಾಯಿತೆಂದು ನನಗೆ ಗೊತ್ತಾಗಲಿಲ್ಲ. ನಾನು ಗೇರುಬೀಜದ ಕಡೆ ನೋಡುತ್ತಾ ನಿಂತೆ.

ಆಮೇಲೆ ಇಬ್ಬರೂ ಕಟ್ಟೆಯ ಮೇಲೆ ಕುಳಿತರು. ಮಾವಶಿ ತಂಗಿಯ ಕೈ ಹಿಡಿದು, ಒಂಬತ್ತು ವರ್ಷ ಕೇಳದೆ ಉಳಿಸಿಕೊಂಡದ್ದನ್ನು ಕೇಳಿದರು.

“ಅವ್ವನ ಮುಖ ಹೆಂಗಿತ್ತು?”

ತಂಗಿ ಹೇಳಿದರು. ಬೆಳಿಗ್ಗೆ ಅವ್ವ ಕರೀ ಚಹಾ ಕೇಳಿದ್ದು, ಬೆಲ್ಲ ಕಡಿಮೆಯಾಯಿತೆಂದು ಸಿಡುಕಿದ್ದು; ಹೋದ ಮೇಲೂ ಮುಖದ ಮೇಲೆ ಆ ಸಿಡುಕು ಒಂದಿಷ್ಟು ಹಾಗೇ ಉಳಿದದ್ದು. ಕೂದಲು ಬಾಚಿ ಹಿಂದಕ್ಕೆ ಗಂಟು ಕಟ್ಟಿದ್ದು. ಹಳಿಯಾಳದಲ್ಲಿ ಅವ್ವ ತಾನೇ ಆರಿಸಿ ತಂದಿದ್ದ ಬೂದು ಬಣ್ಣದ ಚೌಕಡಿ ಸೀರೆ ಉಡಿಸಿದ್ದು. ಅಂಗಾಲಿಗಿದ್ದ ಹಿತ್ತಲಿನ ಕೆಸರನ್ನು ಬಿಸಿನೀರಿನಲ್ಲಿ ಒರೆಸಿದ್ದು. ಮನೆಯಿಂದ ಗೋರಿಯವರೆಗೂ ನಾಲ್ಕು ಜನ ಮಳೆಗೆ ಅಡ್ಡವಾಗಿ ಮೇಲೆ ತಾಡಪತ್ರಿ ಹಿಡಿದು ನಡೆದದ್ದು.

“ಒಂದು ಹನಿನೂ ಅಕಿ ಮುಖದ ಮ್ಯಾಲೆ ಬೀಳಲಿಲ್ಲ,” ಅಂದರು ತಂಗಿ. “ನಾ ನೋಡ್ಕೊಂಡೆ.”

ಮಾವಶಿ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಆಮೇಲೆ ಕಣ್ಣು ತೆರೆಯದೆಯೇ ಅಂದರು, “ಮದಲಿಂದ ಇನ್ನೊಮ್ಮೆ ಹೇಳು.”

ತಂಗಿ ಸೆರಗಿನಿಂದ ಮೂಗು ಒರೆಸಿಕೊಂಡು, ಕರೀ ಚಹಾದಿಂದ ಶುರು ಮಾಡಿದರು.